ಸಮಾಧಾನಕರ ಬಹುಮಾನ

ವಿಜ್ಞಾನ ದಿನ. ಆಂಡರ್ಸನ್‌ಪೇಟೆಯ ಶಾಲೆ.
ಹತ್ತಿಯ ಕೂದಲು ಕೆದರಿಕೊಂಡು
ನಾಲಿಗೆ ಚಾಚಿದವರು ಐದು ಮಂದಿ,
ಪೇಟ ಸುತ್ತಿ ಕೋಟು ತೊಟ್ಟು
ರಟ್ಟಿನ ಅಣೆಕಟ್ಟು ಹೊತ್ತವರು ಮೂವರು,
ಹಣೆಯ ಮೇಲೆ ಬೆಳ್ಳಿ ಜುಲ್ಪಿ ಇಳಿಬಿಟ್ಟು
ರಾಕೆಟ್ಟು ಹಿಡಿದವನು ಒಬ್ಬ.
ರಾಕೆಟ್ಟಿನ ತುದಿ ಬಿಸಿಲಿಗೆ ಆಗಲೇ ಬಾಗಿತ್ತು.

ನನ್ನ ಮಗಳು ಜೀವಿತಾ
ತಾತನ ಖಾಕಿ ಅಂಗಿ ತೊಟ್ಟು, ತೋಳು ನಾಲ್ಕು ಸುತ್ತು ಮಡಚಿ,
ದೀಪವಿಲ್ಲದ ಹೆಲ್ಮೆಟ್ಟಿನೊಳಗೆ ಕಿವಿ ಮುಳುಗಿಸಿ
ಬಂದು ನಿಂತಳು.
"ಯಾವ ವಿಜ್ಞಾನಿಮ್ಮಾ ನೀನು?" ಸೆಲ್ವಮೇರಿ ಟೀಚರು.
"ನಾರೆಪ್ಪ."
ಹಿಂದಿನ ಸಾಲಲ್ಲಿ ನಗು.
ಯಾರೋ ಕೂಗಿದರು: "ಲೇ, ಸಿನಿಮಾ! ಸಿನಿಮಾ!"
ಇನ್ನೊಬ್ಬ ಬಾಯಲ್ಲೇ ಹಿನ್ನೆಲೆ ಸಂಗೀತ ಬಾರಿಸಿದ.

ಹೌದು, ನಮ್ಮೂರೆಂದರೆ ಈಗ ಅದೇ.
ಭಾನುವಾರ ಬೈಕುಗಳಲ್ಲಿ ಬರುತ್ತಾರೆ ಗಡ್ಡ ಬಿಟ್ಟ ಹುಡುಗರು,
ಸೈನೈಡ್ ದಿಬ್ಬದ ಮುಂದೆ ನಿಧಾನ, ನಿಧಾನ ನಡೆದು
ಒಬ್ಬರನ್ನೊಬ್ಬರು ಫೋನಿನಲ್ಲಿ ಹಿಡಿಯುತ್ತಾರೆ.
"ತಾತಾ, ಹೀರೋ ನಿಂತಿದ್ದು ಎಲ್ಲಿ?"
ಅಪ್ಪ ಯಾವುದಾದರೊಂದು ದಿಬ್ಬ ತೋರಿಸುತ್ತಾನೆ,
ಒಂದೊಂದು ಸಲ ಒಂದೊಂದು.
ಅವನು ನಿಂತಿದ್ದು ಎಲ್ಲಿ ಎಂದು
ಯಾರೂ ಕೇಳಿಲ್ಲ. ಕೇಳಿದರೂ ಹೇಗೆ ತೋರಿಸುವುದು,
ಈಗ ಅಲ್ಲಿ ಬರೀ ನೀರು.

ಏಳೂವರೆ ಸಾವಿರ ಅಡಿ ಕೆಳಗೆ,
ಕೇಜಿನಲ್ಲಿ ಇಳಿದು, ಮತ್ತೆ ನಡೆದು,
ಬಂಡೆಯೇ ಬೆವರುವ ಜಾಗ.
ಅಲ್ಲೊಂದು ಕೋಣೆ, ಕೋಣೆ ತುಂಬ ಗಾಜಿನ ಕೊಳವೆ.
ಚಿನ್ನಕ್ಕೆಂದು ಇಳಿದವರ ನಡುವೆ
ಒಂದು ಗೆರೆ ಬೆಳಕಿಗೆಂದು ಇಳಿದವರು ಇವರು ಕೆಲವರು.
ಬೊಂಬಾಯಿಯ ಸಾಹೇಬರು ಲೆಕ್ಕ ಹಾಕಿದರು.
ಅಪ್ಪ ಕೊಳವೆ ಒರೆಸಿದ, ಕ್ಯಾಮೆರಾಕ್ಕೆ ಫಿಲಂ ತುಂಬಿದ,
ಪಾಳಿ ಮುಗಿವಾಗ ಪುಸ್ತಕದಲ್ಲಿ ಬರೆದ:
ಇಲ್ಲ.
ಇಲ್ಲ.
ಬುಧವಾರ ರಜಾ.
ಇಲ್ಲ.

"ಭೂಮಿನೇ ಅದಕ್ಕೆ ಜರಡಿ ಕಣಮ್ಮ.
ಆ ಕಡೆ ನುಗ್ಗಿ ಈ ಕಡೆ ಹೋತದೆ.
ನಿನ್ನೊಳಗಿಂದ್ಲೂ ಹೋತದೆ, ನಿಂಗೆ ಗೊತ್ತಾಗಲ್ಲ.
ಕೋಟಿ ಕೋಟಿಗೊಂದು ಎಲ್ಲೋ ಎಡವ್ತದೆ.
ಅದು ಎಡವಿದಾಗ ನಾವು ಎದ್ದಿರಬೇಕು, ಅಷ್ಟೇ ಕೆಲಸ."

ಎಡವಿತು ಒಂದು ದಿನ.
ಕೊಳವೆಗಳ ಮೇಲೆ ಕೆಂಪನೆಯ ಗೆರೆ,
ಮೇಲಿಂದ ಬಿದ್ದದ್ದಲ್ಲ, ಪಕ್ಕದಿಂದ ಹಾದದ್ದು.
ಸಾಹೇಬರು ಅಪ್ಪನಿಗೊಂದು ಸಿಗರೇಟು ಕೊಟ್ಟರಂತೆ.
ಒಳಗೆ ಸೇದುವಂತಿಲ್ಲ;
ಜೇಬಲ್ಲಿಟ್ಟುಕೊಂಡದ್ದು ಮೇಲೆ ಬರುವಷ್ಟರಲ್ಲಿ
ಬೆವರಿಗೆ ನೆಂದು ಮುದ್ದೆಯಾಗಿತ್ತಂತೆ.

ಪ್ರಬಂಧ ಅಚ್ಚಾಯಿತು. ಹೆಸರುಗಳ ಪಟ್ಟಿ ಉದ್ದವಿತ್ತು.
ಅಪ್ಪನದಿರಲಿಲ್ಲ, ಇರಬಹುದಿತ್ತೆಂದು ಅವನಿಗೆ ಹೊಳೆಯಲೂ ಇಲ್ಲ.
ಎಷ್ಟೋ ವರ್ಷಗಳ ಮೇಲೆ
ಆ ಕಣದ ಹೆಸರಿನ ದೊಡ್ಡ ಬಹುಮಾನ
ಬೇರೆ ದೇಶದ ಬೇರೆ ಗಣಿಗಳ ದಾರಿ ಹಿಡಿಯಿತು.
ಪಟ್ಟಿಯಲ್ಲಿದ್ದವರ ಹೆಸರನ್ನಾದರೂ
ನಾನು ಓಡಾಡುವ ಯಾವ ಬೀದಿಯಲ್ಲೂ ಕಂಡಿಲ್ಲ.
ನಾನು ಬಾಯಿಪಾಠ ಮಾಡಿದ್ದೂ ಬಹುಮಾನ ಬಂದವರನ್ನೇ:
ಹೆಸರು, ದೇಶ, ವರ್ಷ. ಒಂದು ಅಂಕ.
ಕಾಲೇಜಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂದಿದ್ದಲ್ಲಿ
'ಕೂಲಿ' ಎಂದು ಬರೆದೆ. ಅಪ್ಪ ಅದರ ಕೆಳಗೇ ಸಹಿ ಹಾಕಿದ.

ಮೊದಲ ಬಹುಮಾನ ಹತ್ತಿಗೆ.
ಎರಡನೆಯದು ಬಾಗಿದ ರಾಕೆಟ್ಟಿಗೆ.
ಜೀವಿತಾಳಿಗೆ ಸಮಾಧಾನಕರ: ಸ್ಟೀಲಿನ ಊಟದ ಡಬ್ಬಿ,
ಮುಚ್ಚಳದ ಮೇಲೆ ದಾನಿಗಳ ಹೆಸರು,
ದಾನಿಗಳ ತಂದೆಯ ಹೆಸರು, ಅಂಗಡಿಯ ಹೆಸರು, ಫೋನ್ ನಂಬರು.

ಅಪ್ಪ ತಿರುಗಿಸಿ ತಿರುಗಿಸಿ ನೋಡಿದ.
ಉಗುರಲ್ಲಿ ತಟ್ಟಿ, "ದಪ್ಪ ಐತೆ" ಎಂದ.
"ಯಾವ ವಿಜ್ಞಾನಿ ಅಂದೆ?"
"ನಿನ್ ಹೆಸರೇ ಹೇಳ್ದೆ ತಾತಾ."
ಬಹಳ ಹೊತ್ತು ಕೆಮ್ಮಿದ.
ಕೆಮ್ಮೋ ನಗುವೋ, ಅವನ ಎದೆಯಲ್ಲಿ ಈಗ ಎರಡೂ ಒಂದೇ ಸದ್ದು.
"ತಪ್ಪು ಹೇಳ್ದೆ. ನಾನು ಒರೆಸೋನು.
ಬರೋ ವರ್ಷ ಗಾಜಿನ ಕೊಳವೆಯಾಗಿ ಹೋಗು,
ಮೊದಲು ನೋಡಿದ್ದು ಅದೇ."

ಇವಳು ಆಗಲೇ ಮಂಚದ ಕೆಳಗೆ ತೂರಿ
ಹಳೇ ಟ್ಯೂಬ್‌ಲೈಟು ಎಳೆಯುತ್ತಿದ್ದಾಳೆ.